ಬಿಸಿನೀರಲ್ಲಿ ಕರಗಿ, ತಣ್ಣಗಾದಾಗ ಹರಳಾಗುವ ಬೆಂಜೋಯಿಕ್ ಆಮ್ಲ: ತಯಾರಿಸುವುದು ಹೇಗೆ?

ಮಗುವಿಗೆ ತಲೆಸ್ನಾನ ಮಾಡಿಸಿ ಸಾಂಬ್ರಾಣಿ ಹೊಗೆ ಹಾಕುತ್ತಾರಲ್ಲ, ಅಸಲಿ ಸಾಂಬ್ರಾಣಿ ಸುಮಾತ್ರಾ ಕಡೆಯ ಮರಗಳ ಅಂಟು. ಅದನ್ನು ಕಾಯಿಸಿದರೆ ಆವಿಯಾಗಿ ಮೇಲೇರಿ, ತಣ್ಣನೆಯ ಜಾಗದಲ್ಲಿ ಬಿಳಿ ಸೂಜಿಗಳಂತೆ ಕೂರುವುದೇ ಬೆಂಜೋಯಿಕ್ ಆಮ್ಲ. ಅದರಲ್ಲಿ ಏನೇನಿದೆ ಎಂದು 1832ರಲ್ಲಿ ಜರ್ಮನ್ ರಸಾಯನಶಾಸ್ತ್ರಜ್ಞರಾದ ಲೀಬಿಗ್ ಮತ್ತು ವೋಲರ್ ತೋರಿಸಿಕೊಟ್ಟರು. ರಚನೆ ಸರಳ: ಬೆಂಜೀನ್ ಉಂಗುರಕ್ಕೆ (ಆರು ಇಂಗಾಲದ ಪರಮಾಣುಗಳ ಬಳೆ) ಅಂಟಿದ ಒಂದು ಕಾರ್ಬಾಕ್ಸಿಲ್ ಗುಂಪು (ಆಮ್ಲದ ಗುಣ ಕೊಡುವ COOH).

ಕಾರ್ಖಾನೆಗಳಲ್ಲಿ ಇದನ್ನು ಟಾಲ್ಯೂಯಿನ್ ಎಂಬ ದ್ರವದಿಂದ ಮಾಡುತ್ತಾರೆ. ಕಾಲೇಜು ಲ್ಯಾಬಿಗೆ ಈ ಆಮ್ಲದ ಲವಣವಾದ ಸೋಡಿಯಂ ಬೆಂಜೋಯೇಟ್ ಸಾಕು. ಉಪ್ಪಿನಕಾಯಿ ಬಾಟಲಿ ಮೇಲೆ ಕೆಡದಂತೆ ಹಾಕಿದ ವಸ್ತುವಿನ ಸಂಖ್ಯೆ 211 ಅಂತ ಇರುತ್ತಲ್ವಾ, ಅದೇ ಇದು. ಆಮ್ಲ ತಣ್ಣೀರಲ್ಲಿ ಅಷ್ಟಾಗಿ ಕರಗದು, ಈ ಲವಣ ಚೆನ್ನಾಗಿ ಕರಗುತ್ತದೆ. ಹುಳಿ ಸೇರಿದಾಗ ಲವಣ ಮತ್ತೆ ಆಮ್ಲವಾಗಿ ಬೂಸ್ಟು ತಡೆಯುತ್ತದೆ. ನಾವು ಲ್ಯಾಬಿನಲ್ಲಿ ಮಾಡುವುದೂ ಇದನ್ನೇ.

ಕನ್ನಡಕ, ಕೈಗವಸು ಹಾಕಿಕೊಳ್ಳಿ. ಮೇಷ್ಟ್ರು ಪಕ್ಕದಲ್ಲಿರಲಿ. 7.2 ಗ್ರಾಂ ಸೋಡಿಯಂ ಬೆಂಜೋಯೇಟನ್ನು 30 ಮಿ.ಲೀ. ನೀರಲ್ಲಿ ಕರಗಿಸಿ. 3 ಮೋಲಾರ್ (ಲೀಟರಿಗೆ 3 ಮೋಲ್ ಸಾಂದ್ರತೆಯ) ಹೈಡ್ರೋಕ್ಲೋರಿಕ್ ಆಮ್ಲವನ್ನು ಕಲಕುತ್ತಾ ಸ್ವಲ್ಪ ಸ್ವಲ್ಪವೇ ಹಾಕಿ. ಮೊದಲ ಹನಿಗಳಿಗೇ ತಿಳಿನೀರು ಮೊಸರು ಕಡೆದಂತೆ ಬೆಳ್ಳಗಾಗುತ್ತದೆ. ಸುಮಾರು 20 ಮಿ.ಲೀ. ಬೇಕಾದೀತು. ನೀಲಿ ಲಿಟ್ಮಸ್ ಚೆನ್ನಾಗಿ ಕೆಂಪಾಗುವವರೆಗೆ ನಿಲ್ಲಿಸಬೇಡಿ, ಇಲ್ಲದಿದ್ದರೆ ಲವಣ ಹಾಗೇ ಉಳಿದು ನೀರಿನ ಜೊತೆ ಹೋಗುತ್ತದೆ. ಐಸ್ ನೀರಲ್ಲಿಟ್ಟು, ಸೋಸಿ, ತಣ್ಣೀರಲ್ಲಿ ತೊಳೆಯಿರಿ.

ಈಗ ಶುದ್ಧಿ. 100 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 56 ಗ್ರಾಂ ಕರಗುವ ಈ ಆಮ್ಲ 25 ಡಿಗ್ರಿಯಲ್ಲಿ ಬರೀ 3.4 ಗ್ರಾಂ ಕರಗುತ್ತದೆ. ಕೆಲಸ ಮಾಡುವುದು ಈ ವ್ಯತ್ಯಾಸವೇ. ಸುಮಾರು 130 ಮಿ.ಲೀ. ಕುದಿಯುವ ನೀರಲ್ಲಿ ಪುಡಿ ಕರಗಿಸಿ, ಕಸವಿದ್ದರೆ ಬಿಸಿಯಾಗಿಯೇ ಸೋಸಿ, ಬೀಕರ್ ಮುಚ್ಚಿ ಸುಮ್ನೆ ಬಿಟ್ಟುಬಿಡಿ. ಅವಸರಕ್ಕೆ ಬಿಸಿ ಬೀಕರನ್ನೇ ಐಸಿಗಿಟ್ಟರೆ ಸಣ್ಣ ಪುಡಿಯಾಗಿ, ಕೊಳೆಯನ್ನೂ ಹಿಡಿದುಕೊಂಡು ಬೀಳುತ್ತದೆ. ತಾನಾಗಿ ತಣಿದರೆ ಮಿನುಗುವ ತೆಳು ಹಾಳೆಗಳು ಒಂದೊಂದಾಗಿ ಮೂಡಿ, ಹೊರಳುತ್ತಾ ಕೆಳಗಿಳಿಯುತ್ತವೆ. ಇದನ್ನು ನೋಡಲೆಂದೇ ಅಲ್ಲಿ ಕೂರಬೇಕು! ಪೂರ್ತಿ ತಣಿದ ಮೇಲೆ ಐಸಿಗಿಡಿ.

ಸೋಸಿ, ಬಿಸಿಗಿಡದೆ ಗಾಳಿಗೇ ಒಣಗಿಸಿ. ಜಾಸ್ತಿ ಕಾಯಿಸಿದರೆ ಆವಿಯಾಗಿ ಹಾರುತ್ತದೆ, ಮೂಗಿಗೆ ಬಡಿದರೆ ಕೆಮ್ಮು. ಲೆಕ್ಕದ ಪ್ರಕಾರ 6.1 ಗ್ರಾಂ ಸಿಗಬೇಕು, ಕೈಗೆ ಸ್ವಲ್ಪ ಕಮ್ಮಿಯೇ ಬರುತ್ತದೆ. ಕೊನೆಗೆ ಕರಗುವ ಬಿಂದು ನೋಡಿ. 122 ಡಿಗ್ರಿ ಹತ್ತಿರ ಒಮ್ಮೆಲೇ ಕರಗಿದರೆ ಶುದ್ಧವಾಗಿದೆ. 117ಕ್ಕೇ ಮೆತ್ತಗಾಗಲು ಶುರುವಾದರೆ ಇನ್ನೊಮ್ಮೆ ಒಣಗಿಸಿ ನೋಡಿ. ಆಗಲೂ ಹಾಗೇ ಆದರೆ ಮತ್ತೆ ಬಿಸಿನೀರಿಗೆ ಹಾಕಿ.