ಚೌತಿ ಊಟಕ್ಕೆ ಬೇರೆ ಬೇರೆ ಪಥ್ಯದ ನೆಂಟರಿದ್ದರೆ

ನಮ್ಮ ಕಾಸರಗೋಡು ಕಡೆ ಪಾಯಸಕ್ಕೆ ಗೇರುಬೀಜ ಬೀಳಲೇಬೇಕು, ಅಲ್ವಾ? ನಮ್ಮ ಅತ್ತಿಗೆಯ ಮಗನಿಗೆ ಅದು ಆಗುವುದಿಲ್ಲ. ಹಾಗಾಗಿ ಕಡ್ಲೆಬೇಳೆ ಪಾಯಸವನ್ನು ಬೆಲ್ಲ, ತೆಂಗಿನಹಾಲಲ್ಲೇ ಮುಗಿಸುತ್ತೇನೆ. ತುಪ್ಪದಲ್ಲಿ ಹುರಿದ ಗೇರುಬೀಜ ಬೇರೆ ಬಟ್ಟಲಲ್ಲಿ. ಹಸುವಿನ ಹಾಲು ಆಗದವರೂ ಅದೇ ಪಾಯಸ ಉಣ್ಣಬಹುದು. ಸೌಟು ಮಾತ್ರ ಬೇರೆಯೇ ಇರಲಿ, ಅಲರ್ಜಿಗೆ ಒಂದು ಚೂರು ತಾಗಿದರೂ ಸಾಕು.

ಇಂಗಿನ ಡಬ್ಬಿಯ ಹಿಂದೆ ಬರೆದದ್ದನ್ನು ಓದಿ. ಅಂಗಡಿ ಇಂಗಿಗೆ ಹೆಚ್ಚಾಗಿ ಗೋಧಿ ಹಿಟ್ಟು ಅಥವಾ ಮೈದಾ ಬೆರೆಸಿರುತ್ತಾರೆ. ಗೋಧಿ ಆಗದವರಿದ್ದರೆ ತೆಂಗಿನೆಣ್ಣೆಗೆ ಸಾಸಿವೆ, ಒಣಮೆಣಸು, ಕರಿಬೇವಿನಸೊಪ್ಪು ಹಾಕಿದರೆ ಒಗ್ಗರಣೆ ಘಮ್ಮೆನ್ನುತ್ತದೆ. ಬೆಳ್ಳುಳ್ಳಿ ಬೇಕೆಂದವರಿಗೆ ಸ್ವಲ್ಪ ಸಾರು ತೆಗೆದಿಟ್ಟು ಬೇರೆ ಒಗ್ಗರಣೆ ಕೊಡಿ.

ಸಕ್ಕರೆ ಕಾಯಿಲೆಯವರಿಗೆ ಬೆಲ್ಲವೂ ಸಕ್ಕರೆಯೇ. ‘ಬೆಲ್ಲದ್ದು, ಏನೂ ಆಗುವುದಿಲ್ಲ’ ಅಂತ ಸುಮ್ನೆ ಒತ್ತಾಯ ಮಾಡಬೇಡಿ.