ಮುಂಬೈ ಕನ್ನಡ ಟೀಚರ್‌ಗಳು ತಿಂಗಳಿಗೊಮ್ಮೆ ಕೂಡುವುದು ಹೇಗೆ?

2020ರ ರಾಷ್ಟ್ರೀಯ ಶಿಕ್ಷಣ ನೀತಿ ಶಿಕ್ಷಕರಿಗೆ ವರ್ಷಕ್ಕೆ 50 ಗಂಟೆ ತರಬೇತಿ ಅನ್ನುತ್ತದೆ. ಅದು ಬೇರೆ, ನಾವು ನಾವೇ ಕೂತು ಪಾಠದ ಬಗ್ಗೆ ಮಾತಾಡುವ ಈ ಕೂಟ ಬೇರೆ. ಬೇರೆ ಬೇರೆ ಕನ್ನಡ ಶಾಲೆಗಳ ಐದಾರು ಜನ ಸಾಕು. ಜಾಸ್ತಿಯಾದರೆ ಹಾರ ತುರಾಯಿ ಶುರುವಾಗುತ್ತದೆ.

ಜಾಗ ಮಾಟುಂಗಾ ಆಗಲಿ. ಲೋಕಲ್ ರೈಲಿನ ಸೆಂಟ್ರಲ್, ವೆಸ್ಟರ್ನ್ ಎರಡೂ ಲೈನಿನವರಿಗೆ ಅನುಕೂಲ, ಇಡ್ಲಿ ಕಾಫಿಗೂ ಬರವಿಲ್ಲ. ಭಾನುವಾರವಾದರೆ ಮೆಗಾಬ್ಲಾಕ್, ಅಂದರೆ ಹಳಿ ರಿಪೇರಿಗೆ ರೈಲು ನಿಲ್ಲಿಸುವ ಹೊತ್ತು, ನೋಡಿಕೊಳ್ಳಿ.

ಪ್ರತಿಯೊಬ್ಬರೂ ಒಂದೇ ಒಂದು ಪಾಠ ತರಲಿ, ಅದೂ ಕೈಕೊಟ್ಟದ್ದು. ಮನೆಯಲ್ಲಿ ತುಳು, ಬೀದಿಯಲ್ಲಿ ಹಿಂದಿ ಮರಾಠಿ ಆಡುವ ಮಗುವಿಗೆ ಒತ್ತಕ್ಷರ ಹೇಗೆ ಕಲಿಸಿದಿರಿ, ಮಗು ಎಲ್ಲಿ ಎಡವಿತು, ಆಗ ನೀವೇನು ಮಾಡಿದಿರಿ ಅಂತ ಹತ್ತು ನಿಮಿಷ ಹೇಳಿ. ಉಳಿದವರು ಮೊದಲು ಪ್ರಶ್ನೆ ಮಾತ್ರ ಕೇಳಬೇಕು, ಸಲಹೆ ಆಮೇಲೆ. ಇದೇ ಕಷ್ಟ, ನಾವು ಮೇಷ್ಟ್ರುಗಳು ಅಲ್ವಾ! ಏನು ಬದಲಿಸಿ ನೋಡುತ್ತೀರಿ ಅಂತ ಬರೆದಿಡಿ, ಮುಂದಿನ ತಿಂಗಳು ಅಲ್ಲಿಂದಲೇ ಶುರು.

ಚುನಾವಣೆ ಡ್ಯೂಟಿ, ಜನಗಣತಿ ಗೋಳಿಗೆ ಕಾಲು ಗಂಟೆ ಬೇರೆ ಇಡಿ. ಮಕ್ಕಳ ಹೆಸರು, ಹೆಡ್ ಮೇಷ್ಟ್ರ ಬೈಗುಳ ಹೊರಗೆ ಹೋಗಬಾರದು. ಯಾರಾದರೂ ನಿದ್ದೆಯಿಲ್ಲ, ಶಾಲೆಗೆ ಹೋಗಲು ಮನಸ್ಸೇ ಇಲ್ಲ ಅಂತ ವಾರಗಟ್ಟಲೆ ಹೇಳುತ್ತಿದ್ದರೆ ಸುಮ್ನೆ ಸಮಾಧಾನ ಹೇಳಿ ಕಳಿಸಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, ಅಂದರೆ 14416ಕ್ಕೆ, ಫೋನ್ ಮಾಡಿಸಿ. ದುಡ್ಡು ಬೇಡ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು.