ಕೊಲಾಜನ್ ಹೆಪ್ಪುಗಟ್ಟಿದರೆ ಮುಕ್ಕಾಲು ಕೆಲಸ ಆದ ಹಾಗೆ: ಜೀವಕೋಶಗಳಿಂದ ಲಿಸ್ಟೀರಿಯಾ ಪತ್ತೆ

ಲಿಸ್ಟೀರಿಯಾ ಮೊನೊಸೈಟೋಜಿನಿಸ್ ಫ್ರಿಜ್ಜಿನೊಳಗೂ ಬೆಳೆಯುವ, ಆಹಾರದ ಮೂಲಕ ಕಾಯಿಲೆ ತರುವ ಬ್ಯಾಕ್ಟೀರಿಯಾ. ಚೀಸ್‌ನಲ್ಲಿ ಅದಿದೆಯಾ ಅಂತ ಕಲ್ಚರ್ ಮಾಡಿ, ಅಂದರೆ ಬೆಳೆಸಿ ನೋಡಲು ದಿನಗಳೇ ಬೇಕು. ಡಿಎನ್‌ಎ ಹುಡುಕುವ ಪಿಸಿಆರ್ ಪರೀಕ್ಷೆ ಬೇಗ ಹೇಳುತ್ತದೆ, ಆದರೆ ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎ ಸಿಕ್ಕರೂ 'ಇದೆ' ಅಂದುಬಿಡಬಹುದು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಅರುಣ್ ಭುನಿಯಾ ಅವರ ತಂಡ ಪೆಡ್-2ಇ9 ಎಂಬ ಇಲಿಯ ಕೋಶಗಳನ್ನು ಕೊಲಾಜನ್ ಎಂಬ ಪ್ರೋಟೀನಿನ ಜೆಲ್‌ನಲ್ಲಿ ಕೂರಿಸಿ ಕಾವಲಿಗೆ ಇಟ್ಟಿತು. ಜೀವಂತ ಲಿಸ್ಟೀರಿಯಾ ದಾಳಿ ಮಾಡಿದರೆ ಕೋಶದ ಪೊರೆ ಹಾಳಾಗಿ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಹೊರಗೆ ಸೋರುತ್ತದೆ. ನಾವು ಹಿಡಿಯುವುದು ಆ ಸೋರಿಕೆಯನ್ನು.

ಮೊದಲು ಕೋಶಗಳಿಗೆ ಟ್ರಿಪ್ಯಾನ್ ಬ್ಲೂ ಎಂಬ ಬಣ್ಣ ಹಾಕಿ ನೋಡಿ. ನೀಲಿಯಾದ ಕೋಶಗಳು ಸತ್ತಿವೆ. ಅವು ಜಾಸ್ತಿ ಇದ್ದರೆ ಆ ದಿನ ಕೆಲಸ ಬೇಡ.

ಆಮೇಲೆ ಜೆಲ್. ಎಲ್ಲರೂ ಎಡವುವುದು ಇಲ್ಲೇ. ಕೊಲಾಜನ್ ಬರುವುದು ಆಮ್ಲದಲ್ಲಿ. ಹುಳಿ ಇರುವಾಗಲೇ ಕೋಶ ಸುರಿದರೆ ಅವು ಸಾಯುತ್ತವೆ, ಹುಳಿ ತೆಗೆದು ಐಸ್‌ನಿಂದ ಹೊರಗಿಟ್ಟರೆ ಕೊಲಾಜನ್ ನಿಮ್ಮ ಪಿಪೆಟ್‌ನಲ್ಲೇ ಹೆಪ್ಪುಗಟ್ಟುತ್ತದೆ. ಹಾಗಾಗಿ ಕೊಲಾಜನ್, ಮೀಡಿಯಂ (ಕೋಶಗಳ ಪೋಷಕ ದ್ರವ), ಹುಳಿ ಕಳೆಯುವ ಸೋಡಿಯಂ ಹೈಡ್ರಾಕ್ಸೈಡ್, ಟ್ಯೂಬು, ಕಡೆಗೆ ಟಿಪ್ ಕೂಡ ಐಸ್ ಮೇಲಿರಲಿ. ಹುಳಿಗೆ ತಕ್ಕಂತೆ ಬಣ್ಣ ಬದಲಿಸುವ ಫಿನಾಲ್ ರೆಡ್ ಇರುವ ಮೀಡಿಯಂ ಬೆರೆಸಿ, ಹೈಡ್ರಾಕ್ಸೈಡ್ ಹನಿ ಹನಿಯಾಗಿ ಬಿಡಿ. ಹಳದಿ ಬಣ್ಣ ಕಿತ್ತಳೆಯಾಗಿ, ಮೆಲ್ಲಗೆ ಕೆಂಪಿಗೆ ತಿರುಗಿದಾಗ ಕೈ ನಿಲ್ಲಿಸಿ. ನೇರಳೆಗುಲಾಬಿ ಬಂತೋ, ಜಾಸ್ತಿ ಆಯ್ತು. ಹೊಸಬರು ಆಗ ಆಮ್ಲ ಹಾಕಿ ಸರಿ ಮಾಡಲು ಹೋಗುತ್ತಾರೆ. ಸುಮ್ನೆ ಚೆಲ್ಲಿ, ಹೊಸದಾಗಿ ಶುರು ಮಾಡಿ. ಕೋಶಗಳು ಸೇರುವುದು ಕೊನೆಗೆ. ಪಿಪೆಟ್‌ನ ಎರಡನೇ ಒತ್ತು ಒತ್ತಬೇಡಿ, ಗುಳ್ಳೆ ಬರುತ್ತದೆ. ಇದನ್ನು ಪ್ಲೇಟಿನ ಬಾವಿಗಳಿಗೆ (ಸಣ್ಣ ಗುಳಿಗಳಿಗೆ) ಹಾಕಿ. 37 ಡಿಗ್ರಿಯಲ್ಲಿ ಮುಕ್ಕಾಲು ತಾಸು ಪ್ಲೇಟ್ ಮುಟ್ಟಬೇಡಿ. ಗಂಜಿ ತಿಳಿಯಂತೆ ಮಸುಕಾಗಿ, ವಾಲಿಸಿದರೂ ಹರಿಯದಿದ್ದರೆ ಕೂತಿದೆ ಅಂತ ಅರ್ಥ.

ಇನ್ನೊಂದು ಮಾತು, ಮೀಡಿಯಂನಲ್ಲಿರುವ ಸೀರಂ (ರಕ್ತದ ತಿಳಿ) ತೊಳೆಯದೇ ಮುಂದೆ ಹೋಗಬೇಡಿ. ಅದರಲ್ಲೇ ಈ ಕಿಣ್ವ ಇರುತ್ತದೆ. ಬ್ಯಾಕ್ಟೀರಿಯಾ ಇಲ್ಲದಿದ್ದರೂ ಕೊನೆಯ ಪರೀಕ್ಷೆಯಲ್ಲಿ ಪ್ಲೇಟ್ ಹಳದಿಯಾಗುತ್ತದೆ. ಕಿಣ್ವ ಅಳೆಯುವಾಗ ಫಾಸ್ಫೇಟ್ ಬಫರ್ ಬೇಡ, ಫಾಸ್ಫೇಟ್ ಈ ಕಿಣ್ವವನ್ನು ತಡೆಯುತ್ತದೆ. ಕೈಗೆ ಹತ್ತಿರ ಇದೆ ಅಂತ ಅದನ್ನೇ ಬಳಸಿ ನಾನೂ ಒಂದು ವಾರ ಹಾಳು ಮಾಡಿಕೊಂಡಿದ್ದೇನೆ.

ಈಗ ಸ್ಯಾಂಪಲ್ ಹಾಕಿ, ಕೆಲವು ತಾಸು ಬಿಡಿ. ಪಕ್ಕದ ಬಾವಿಗಳಲ್ಲಿ ಬರೀ ಮೀಡಿಯಂ, ನಿರುಪದ್ರವಿ ಲಿಸ್ಟೀರಿಯಾ ಇನೊಕ್ಯುವಾ, ಎಲ್ಲ ಕೋಶ ಒಡೆಯಲು ಟ್ರೈಟಾನ್ ಎಂಬ ಡಿಟರ್ಜೆಂಟ್, ಈ ಮೂರೂ ಇರಲೇಬೇಕು. ಮೇಲಿನ ದ್ರವವನ್ನು ಬೇರೆಯಾಗಿ ತೆಗೆದುಕೊಂಡು, ಅದಕ್ಕೆ ಈ ಕಿಣ್ವ ಸಿಕ್ಕರೆ ಹಳದಿಯಾಗುವ ಪ್ಯಾರಾ-ನೈಟ್ರೋಫಿನೈಲ್ ಫಾಸ್ಫೇಟ್ ಸೇರಿಸಿ, 405 ನ್ಯಾನೊಮೀಟರ್‌ನಲ್ಲಿ ಓದಿ. ಬರೀ ಮೀಡಿಯಂ ಮತ್ತು ಇನೊಕ್ಯುವಾ ಬಾವಿಗಳು ತಿಳಿಯಾಗಿದ್ದು, ಟ್ರೈಟಾನ್ ಬಾವಿಯಂತೆ ನಿಮ್ಮ ಸ್ಯಾಂಪಲ್ ಹಳದಿಯಾದರೆ, ಆ ಚೀಸ್ ತೆಗೆದಿಡಿ, ಕಲ್ಚರ್‌ಗೂ ಕಳಿಸಿ.